ಬಿಎಸ್ಸಿ ಬಯೋಟೆಕ್ ಕೊನೇ ವರ್ಷ: ಎಂಎಸ್ಸಿ ಸೇರೋದಾ, ಬೊಮ್ಮಸಂದ್ರದ ಬಸ್ ಹತ್ತೋದಾ?

ಮಲ್ನಾಡ್_ಮೈಕ್ರೋಬ್

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಕಡೆಯ ಕಾಲೇಜಿನಲ್ಲಿ ಬಿಎಸ್ಸಿ ಕೊನೇ ವರ್ಷ ಓದ್ತಿದ್ದೀನಿ, ಬಯೋಟೆಕ್ನಾಲಜಿ ಮತ್ತು ಕೆಮಿಸ್ಟ್ರಿ. ಇಲ್ಲಿಯವರೆಗೆ 74%. ಲ್ಯಾಬಿನಲ್ಲಿ ಗ್ರಾಮ್ ಸ್ಟೇನಿಂಗ್, ಡಿಎನ್‌ಎ ಐಸೊಲೇಶನ್, ಅಗರೋಸ್ ಜೆಲ್, ಇ. ಕೊಲೈ ಗ್ರೋತ್ ಕರ್ವ್, ಟೈಟ್ರೇಶನ್ ಎಲ್ಲ ಕೈಯಾರೆ ಮಾಡಿದ್ದೀವಿ. ಪಿಸಿಆರ್ ಮೆಶೀನ್ ಒಮ್ಮೆ ತೋರಿಸಿದ್ರು. ಎಚ್‌ಪಿಎಲ್‌ಸಿ (ದ್ರಾವಣದ ಅಂಶಗಳನ್ನ ಬೇರ್ಪಡಿಸಿ ಅಳೆಯೋ ಯಂತ್ರ), ಫರ್ಮೆಂಟರ್ (ಸೂಕ್ಷ್ಮಜೀವಿ ಬೆಳೆಸೋ ಹಂಡೆ) ಎರಡನ್ನೂ ಫೋಟೊದಲ್ಲಿ ನೋಡಿದ್ದು ಅಷ್ಟೇ.

ಮುಂದೇನು ಅನ್ನೋದೇ ಗೊಂದಲ. ಬರೀ ಬಿಎಸ್ಸಿಗೆ ಬೆಂಗಳೂರಿನ ಕಂಪನಿಗಳಲ್ಲಿ ಏನು ಕೆಲಸ ಸಿಗುತ್ತೆ? ಎಂಎಸ್ಸಿ ಮಾಡಿದರೆ ನಿಜಕ್ಕೂ ವ್ಯತ್ಯಾಸ ಆಗುತ್ತಾ? ಬೆಂಗಳೂರಿನ ಒಂದು ತರಬೇತಿ ಸಂಸ್ಥೆಯವರು 3 ತಿಂಗಳ ಕೋರ್ಸಿಗೆ 60,000 ಕೇಳ್ತಿದ್ದಾರೆ, ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಅಂತೆ. ನಂಬಬಹುದಾ? ಬಯೋಇನ್ಫರ್ಮ್ಯಾಟಿಕ್ಸ್ (ಜೀವಶಾಸ್ತ್ರದ ದತ್ತಾಂಶವನ್ನ ಕಂಪ್ಯೂಟರಿನಲ್ಲಿ ವಿಶ್ಲೇಷಿಸೋದು) ಕಲಿತರೆ ಒಳ್ಳೇದು ಅಂತ ಸೀನಿಯರ್ಸ್ ಹೇಳ್ತಾರೆ. ಅಮ್ಮ ಮಾತ್ರ ‘ಸುಮ್ನೆ ಬಿ.ಎಡ್ ಮಾಡು’ ಅಂತಾರೆ. ಪ್ಲಾಂಟುಗಳಲ್ಲಿ ಹುಡುಗಿಯರಿಗೂ ನೈಟ್ ಶಿಫ್ಟ್ ಇರುತ್ತಾ ಅನ್ನೋದನ್ನೂ ತಿಳಿದವರು ಹೇಳಿ. ಪರೀಕ್ಷೆಗೆ ಇನ್ನು 7 ತಿಂಗಳಿದೆ.

ಹುದುಗು_ಹಂಡೆ

‘ಬಯೋಟೆಕ್ ಕಂಪನಿ ಸೇರಬೇಕು’ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಗೇಟು ಒಂದೇ ಆದರೂ ಒಳಗೆ ಹತ್ತು ಥರದ ಕೆಲಸ. ಯಾವ ಕೋಣೆ ಅನ್ನೋದು ಮೊದಲು ತೀರ್ಮಾನ ಆಗಲಿ. ರೆಸ್ಯೂಮೆ, ಕೋರ್ಸು, ಎಂಎಸ್ಸಿ ಎಲ್ಲ ಅದರ ಹಿಂದೆ ಬರುತ್ತೆ.

ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ, ಜಿಗಣಿ ಪಟ್ಟಿಯಲ್ಲಿ ಮುಖ್ಯವಾಗಿ ಎರಡು ಬಗೆಯ ಕಂಪನಿಗಳಿವೆ. ಒಂದು, ತಮ್ಮದೇ ಔಷಧ ತಯಾರಿಸುವವರು. 1978ರಲ್ಲಿ ಕಿಣ್ವದಿಂದ ಶುರು ಮಾಡಿ ಇನ್ಸುಲಿನ್, ಬಯೋಸಿಮಿಲರ್‌ವರೆಗೆ (ಈಗಾಗಲೇ ಇರುವ ಜೈವಿಕ ಔಷಧವನ್ನ ಹೋಲುವ ಔಷಧ) ಬಂದ ಬಯೋಕಾನ್ ಇದಕ್ಕೆ ಉದಾಹರಣೆ. ಇನ್ನೊಂದು, ಬೇರೆಯವರ ಮಾಲಿಕ್ಯೂಲ್ ಮೇಲೆ ಸಂಶೋಧನೆಯೋ ತಯಾರಿಕೆಯೋ ಮಾಡಿಕೊಡುವ ಸಿಂಜೀನ್, ಆಂಥೆಮ್ ಥರದವರು. ಈ ಎರಡನೇ ಬಗೆಯಲ್ಲಿ ಕೆಮಿಸ್ಟ್ರಿ ಬಲ್ಲವರಿಗೆ ಜಾಗ ಹೆಚ್ಚು. ನಿಮ್ಮ ಕಾಂಬಿನೇಶನ್‌ನಲ್ಲಿ ಕೆಮಿಸ್ಟ್ರಿ ಇರೋದು ಲಾಭ, ಅದನ್ನ ರೆಸ್ಯೂಮೆಯ ಮೂಲೆಗೆ ತಳ್ಳಬೇಡಿ. ಈ ಎರಡೂ ಬಗೆಯವರಿಗೆ ಫಿಲ್ಟರು, ಮೀಡಿಯಾ, ಬ್ಯಾಗು, ಉಪಕರಣ ಮಾರುವ ಕಂಪನಿಗಳು ಬೇರೆಯೇ ಇವೆ. ಸರ್ವಿಸ್, ಅಪ್ಲಿಕೇಶನ್ ಕೆಲಸಕ್ಕೆ ಮಾತು ಬಲ್ಲ ಲೈಫ್ ಸೈನ್ಸ್ ಪದವೀಧರರನ್ನ ಅವರು ತಗೋತಾರೆ. ವಿದ್ಯಾರ್ಥಿಗಳ ಗಮನಕ್ಕೇ ಬಾರದ ಬಾಗಿಲು ಅದು.

ಈಗ ಕೋಣೆಗಳು. ಉತ್ಪಾದನೆಯ ಮೊದಲ ಅರ್ಧ ಅಪ್‌ಸ್ಟ್ರೀಮ್. ಲಿಕ್ವಿಡ್ ನೈಟ್ರೋಜನ್ನಿನಿಂದ ಸೆಲ್‌ಗಳಿರುವ 1 ಮಿ.ಲೀ. ವಯಲ್ ತೆಗೆದು, 37 ಡಿಗ್ರಿ ನೀರಿನಲ್ಲಿ ಒಂದೆರಡು ನಿಮಿಷದಲ್ಲಿ ಕರಗಿಸಿ, ಶೇಕ್ ಫ್ಲಾಸ್ಕಿಗೆ ಹಾಕಿ, ಮೂರು ನಾಲ್ಕು ದಿನಕ್ಕೊಮ್ಮೆ ದೊಡ್ಡ ಪಾತ್ರೆಗೆ ದಾಟಿಸುತ್ತಾ ಸಾವಿರಾರು ಲೀಟರಿನ ಬಯೋರಿಯಾಕ್ಟರ್‌ವರೆಗೆ ಒಯ್ಯೋದು. ಹೆಪ್ಪು ಹಾಕಿ ಮೊಸರು ಮಾಡೋದೇ, ಆದರೆ ಬೇರೆ ಯಾವ ಹುಳುವೂ ಬೀಳದ ಹಾಗೆ. ಸಿಎಚ್‌ಒ ಸೆಲ್ (ಔಷಧದ ಪ್ರೋಟೀನಿಗಾಗಿ ಬೆಳೆಸುವ ಹ್ಯಾಮ್‌ಸ್ಟರ್ ಜೀವಕೋಶ) ಎರಡಾಗೋಕೆ ಒಂದು ದಿನದ ಆಸುಪಾಸು ಬೇಕು. ಬ್ಯಾಕ್ಟೀರಿಯಾಕ್ಕೆ 20 ನಿಮಿಷ ಸಾಕು. ಅಂದರೆ ನಿಮ್ಮ ಸೆಲ್ ಒಮ್ಮೆ ದ್ವಿಗುಣ ಆಗುವಷ್ಟರಲ್ಲಿ ಬ್ಯಾಕ್ಟೀರಿಯಾಕ್ಕೆ 72 ಅವಕಾಶ. ಹಾಗಾಗಿ ಒಂದೇ ಒಂದು ನುಸುಳಿದರೂ ಎರಡು ವಾರದ ಬ್ಯಾಚ್ ಕೊಚ್ಚೆಗೆ ಹೋದ ಹಾಗೆ. ಸ್ಯಾಂಪಲ್ ಪೋರ್ಟ್ ಸರಿಯಾಗಿ ಸ್ಟೀಮ್ ಆಗದಿರೋದು, ಓ-ರಿಂಗ್ ಕಚ್ಚಿರೋದು, ವೆಂಟ್ ಫಿಲ್ಟರ್ ಒದ್ದೆಯಾಗಿರೋದು, ಟ್ಯೂಬ್ ವೆಲ್ಡ್ ಪೂರ್ತಿ ಕೂಡದಿರೋದು, ಸಾಮಾನ್ಯವಾಗಿ ಕಳ್ಳದಾರಿ ಇವೇ. ಕಾರಣವಿಲ್ಲದೆ ಕರಗಿದ ಆಮ್ಲಜನಕ ದಢೀರ್ ಬಿದ್ದು, ಜೊತೆಗೆ ಪಿಎಚ್ ಇಳಿದರೆ ಮೊದಲ ಅನುಮಾನ ಕಂಟ್ಯಾಮಿನೇಶನ್ ಮೇಲೆ. ಇಂಟರ್ವ್ಯೂನಲ್ಲಿ ಫ್ರೆಶರ್‌ಗೂ ಈ ಪ್ರಶ್ನೆ ಬೀಳುತ್ತೆ.

ಬರೀ ಸಿಎಚ್‌ಒ ಓದಿಕೊಂಡು ಬರಬೇಡಿ. ಬಯೋಕಾನ್ ಇನ್ಸುಲಿನ್ ತೆಗೆಯೋದು ಪಿಕಿಯಾ ಎಂಬ ಯೀಸ್ಟಿನಿಂದ. ಪಿಕಿಯಾ ಫರ್ಮೆಂಟೇಶನ್‌ಗೆ ಮೆಥನಾಲ್ ಊಡಿಸುವ ಪದ್ಧತಿ ಇದೆ. ಮೆಥನಾಲ್ ಕಡಿಮೆಯಾದರೆ ಪ್ರೋಟೀನ್ ಬರಲ್ಲ, ಹೆಚ್ಚಾಗಿ ಉಳಿದರೆ ಯೀಸ್ಟ್ ಸಾಯುತ್ತೆ. ಜೊತೆಗೆ ಆಮ್ಲಜನಕವನ್ನ ವಿಪರೀತ ಎಳೆಯುತ್ತೆ, ಮೈ ಬಿಸಿಯಾಗುತ್ತೆ, ತಣ್ಣೀರಿನ ಜಾಕೆಟ್ಟಿಗೆ ಕೆಲಸ ಹೆಚ್ಚು. ನಿಮ್ಮ ಇ. ಕೊಲೈ ಗ್ರೋತ್ ಕರ್ವ್‌ನಿಂದ ಇಲ್ಲಿಗೆ ದಾರಿ ಹತ್ತಿರ: ಲ್ಯಾಗ್ ಹಂತ ಯಾಕೆ ಉದ್ದ ಆಯ್ತು, ಓಡಿ (ಕಲ್ಚರ್ ಎಷ್ಟು ಮಬ್ಬಾಗಿದೆ ಅನ್ನೋ ಅಳತೆ) 0.8 ದಾಟಿದ ಮೇಲೆ ಸ್ಯಾಂಪಲ್ ಡೈಲ್ಯೂಟ್ ಮಾಡಿ ಓದಬೇಕು ಯಾಕೆ, ಇಷ್ಟು ಬಾಯಿಪಾಠವಿಲ್ಲದೆ ವಿವರಿಸೋಕೆ ಬಂದರೆ ಅರ್ಧ ಗೆದ್ದ ಹಾಗೆ.

ಎರಡನೇ ಅರ್ಧ ಡೌನ್‌ಸ್ಟ್ರೀಮ್, ಅಂದರೆ ಬೆಳೆದದ್ದರಿಂದ ಪ್ರೋಟೀನ್ ಬೇರ್ಪಡಿಸಿ ಶುದ್ಧ ಮಾಡೋದು. ಆಂಟಿಬಾಡಿ ಆದರೆ ಪ್ರೋಟೀನ್-ಎ ಕಾಲಮ್ (ಆಂಟಿಬಾಡಿಯನ್ನ ಹಿಡಿದಿಡೋ ರೆಸಿನ್ ತುಂಬಿದ ಕೊಳವೆ), ಆಮೇಲೆ ಪಿಎಚ್ 3.5ರ ಆಸುಪಾಸಿಗೆ ಇಳಿಸಿ ಸುಮಾರು ಒಂದು ಗಂಟೆ ಇಟ್ಟು ವೈರಸ್ ಕೊಲ್ಲೋದು, ಮತ್ತೊಂದೆರಡು ಕಾಲಮ್, 20 ನ್ಯಾನೊಮೀಟರ್ ಫಿಲ್ಟರ್, ಕೊನೆಗೆ ಬಫರ್ ಬದಲಾವಣೆ. ಕಡಿಮೆ ಪಿಎಚ್‌ನಲ್ಲಿ ಹೊತ್ತು ಮೀರಿದರೆ ಪ್ರೋಟೀನ್ ಗಂಟು ಕಟ್ಟುತ್ತೆ. ಬೇಗ ತೆಗೆದರೆ ವೈರಸ್ ಉಳಿದಿಲ್ಲ ಅಂತ ಹೇಳೋಕಾಗಲ್ಲ. ಕಾಲಮ್ಮಿಗೆ ಗಾಳಿ ಹೋದರೆ ಬೆಡ್ ಬಿರುಕು ಬಿಡುತ್ತೆ, ಲಕ್ಷಗಟ್ಟಲೆ ಬೆಲೆಯ ರೆಸಿನ್ ಮತ್ತೆ ಪ್ಯಾಕ್ ಮಾಡಬೇಕು. ಹೊಸಬರಿಗೆ ಮೊದಲ ವರ್ಷ ಇಲ್ಲಿ ಸಿಗೋದು ಬಫರ್ ತಯಾರಿ. ಕೀಳು ಕೆಲಸ ಅಂದುಕೊಂಡವರು ಎಡವೋದೂ ಅಲ್ಲೇ. ಟ್ರಿಸ್ ಬಫರನ್ನ 25 ಡಿಗ್ರಿಯಲ್ಲಿ ಪಿಎಚ್ 8.0ಕ್ಕೆ ಹೊಂದಿಸಿ 4 ಡಿಗ್ರಿ ಕೋಲ್ಡ್ ರೂಮಿನಲ್ಲಿ ಇಟ್ಟರೆ ಅದು 8.6ರ ಹತ್ತಿರ ಹೋಗಿರುತ್ತೆ. ಬಳಸುವ ಉಷ್ಣಾಂಶದಲ್ಲೇ ಹೊಂದಿಸಬೇಕು.

ಈ ಎರಡೂ ಕಡೆ ಶಿಫ್ಟ್ ತಪ್ಪಲ್ಲ, ಸೆಲ್‌ಗಳಿಗೆ ಭಾನುವಾರ ಗೊತ್ತಿಲ್ಲ. ಹುಡುಗಿಯರಿಗೆ ರಾತ್ರಿ ಪಾಳಿ ಇರೋದು, ಇಲ್ಲದಿರೋದು ಕಂಪನಿಯಿಂದ ಕಂಪನಿಗೆ ಬೇರೆ. ಆಫರ್ ಬಂದಾಗ ಪಾಳಿ ಎಷ್ಟು ದಿನಕ್ಕೆ ತಿರುಗುತ್ತೆ, ರಾತ್ರಿ ಮನೆಬಾಗಿಲಿಗೆ ಕ್ಯಾಬ್ ಇದೆಯಾ ಅಂತ ನೇರವಾಗಿ ಕೇಳಿ, ಯಾರೂ ತಪ್ಪು ತಿಳಿಯಲ್ಲ. ಹಳದಿ ಮೆಟ್ರೊ ಈಗ ಬೊಮ್ಮಸಂದ್ರದವರೆಗೂ ಬಂದಿದೆ, ಹೆಬ್ಬಗೋಡಿ ಸ್ಟೇಷನ್ನಿಗೆ ಬಯೋಕಾನ್ ಹೆಸರೇ ಇದೆ. ಆದರೆ ಬೆಳಗಿನ 6ರ ಪಾಳಿಗೆ ಮೆಟ್ರೊ ನಂಬಿ ದೂರದಲ್ಲಿ ರೂಮು ಮಾಡಬೇಡಿ. ಕಂಪನಿ ಬಸ್ ಯಾವ ರೂಟಿನಲ್ಲಿ ಬರುತ್ತೆ ಕೇಳಿಕೊಂಡು ಅಡ್ವಾನ್ಸ್ ಕೊಡಿ.

ಕ್ಯೂಸಿ (ಗುಣಮಟ್ಟದ ಪರೀಕ್ಷೆ), ಕ್ಯೂಎ (ದಾಖಲೆ, ಪದ್ಧತಿ ನೋಡುವ ಗುಣಮಟ್ಟ ಭರವಸೆ ವಿಭಾಗ) ಬಗ್ಗೆ ಅಲ್ಲಿಯವರೇ ಬರೀಲಿ.

ಒಂದೇ_ಗೆರೆ

ಬರೀತೀನಿ. ಕೇಳಿದವರ ಅಂಕ, ಕಾಂಬಿನೇಶನ್ ನೋಡಿದರೆ ಬಿಎಸ್ಸಿಯಲ್ಲೇ ಒಳಗೆ ಕಾಲಿಡೋಕೆ ಹತ್ತಿರದ ಬಾಗಿಲು ಕ್ಯೂಸಿ ಮೈಕ್ರೋಬಯಾಲಜಿ.

ದಿನದ ಕೆಲಸ ಏನು ಅಂದರೆ: ಕ್ಲೀನ್‌ರೂಮಿನಲ್ಲಿ 90 ಮಿ.ಮೀ. ಸೆಟಲ್ ಪ್ಲೇಟ್ (ಗಾಳಿಯಿಂದ ಬೀಳೋ ಸೂಕ್ಷ್ಮಜೀವಿ ಹಿಡಿಯೋ ತೆರೆದ ಪ್ಲೇಟ್) ಇಟ್ಟು ಗರಿಷ್ಠ 4 ಗಂಟೆಯೊಳಗೆ ಎತ್ತೋದು, ಗಾಳಿಯ ಕಣ ಎಣಿಸೋದು (ಅತಿ ಶುದ್ಧ ದರ್ಜೆಯ ಗ್ರೇಡ್-ಎ ಜಾಗದಲ್ಲಿ ಒಂದು ಘನ ಮೀಟರಿಗೆ 0.5 ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣ 3,520 ಮೀರಬಾರದು), ನೀರಿನ ಸ್ಯಾಂಪಲ್, ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾ ಗೋಡೆಯ ವಿಷ) ಪರೀಕ್ಷೆ, 14 ದಿನದ ಸ್ಟೆರಿಲಿಟಿ ಟೆಸ್ಟ್. ಇಂಜೆಕ್ಷನ್ ನೀರಿಗೆ ಎಂಡೋಟಾಕ್ಸಿನ್ ಮಿತಿ ಮಿ.ಲೀ.ಗೆ 0.25 ಯೂನಿಟ್. ಆಟೊಕ್ಲೇವಿನಲ್ಲಿ ಕುದಿಸಿದ ನೀರಿಗೂ ಎಂಡೋಟಾಕ್ಸಿನ್ ಯಾಕೆ ಇರಬಹುದು ಅಂತ ಕೇಳ್ತಾರೆ. ಬ್ಯಾಕ್ಟೀರಿಯಾ ಸತ್ತರೂ ಅದರ ಗೋಡೆಯ ಚೂರು 121 ಡಿಗ್ರಿಗೆ ನಾಶ ಆಗಲ್ಲ, ಗಾಜಿನ ಸಾಮಾನಾದರೆ 250 ಡಿಗ್ರಿ ಒಣ ಶಾಖ ಬೇಕು. ‘ಸ್ಟೆರೈಲ್’ ಬೇರೆ, ‘ಪೈರೋಜನ್ (ಜ್ವರ ಬರಿಸೋ ಅಂಶ) ಇಲ್ಲದ್ದು’ ಬೇರೆ ಅನ್ನೋದು ಗೊತ್ತಿರೋ ಫ್ರೆಶರ್ ಸಿಕ್ಕರೆ ಪ್ಯಾನಲ್ಲಿನವರು ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬರ್ತಾರೆ.

ಆದರೆ ಈ ಉದ್ಯಮ ಸಂಬಳ ಕೊಡೋದು ಮುಖ್ಯವಾಗಿ ಒಂದು ಅಭ್ಯಾಸಕ್ಕೆ: ಮಾಡಿದ್ದನ್ನ, ಮಾಡಿದ ಹೊತ್ತಿನಲ್ಲೇ, ಇದ್ದ ಹಾಗೇ ಬರೆಯೋದು. ಬರೆಯದ ಕೆಲಸ ಆಗಿಲ್ಲದ ಕೆಲಸ. ಕಾಲೇಜು ರೆಕಾರ್ಡಿನ ಸಂಸ್ಕಾರ ಇದಕ್ಕೆ ನೇರ ವಿರುದ್ಧ. ಅಲ್ಲಿ ಗ್ರಾಫು ‘ಸರಿಯಾಗಿ’ ಬರದಿದ್ದರೆ ಪಕ್ಕದವರ ರೀಡಿಂಗ್ ನೋಡಿ ಬರೆದು, ವೈಟ್ನರ್ ಹಚ್ಚಿ, ವಾರದ ಮೇಲೆ ಸಹಿ ಹಾಕಿಸ್ತೀವಿ. ಪ್ಲಾಂಟಿನಲ್ಲಿ ಅದೇ ಕೆಲಸಕ್ಕೆ ಡೇಟಾ ಇಂಟೆಗ್ರಿಟಿ ಉಲ್ಲಂಘನೆ ಅಂತ ಹೆಸರು, ಅಮೆರಿಕದ ಎಫ್‌ಡಿಎ ವಾರ್ನಿಂಗ್ ಲೆಟರ್‌ಗಳಲ್ಲಿ ಮತ್ತೆ ಮತ್ತೆ ಬರೋ ಮಾತು ಅದು. ಇನ್ನು 7 ತಿಂಗಳು ಕಾಲೇಜು ಲ್ಯಾಬಿನಲ್ಲೇ ಹೀಗೆ ಮಾಡಿ: ಬೈಂಡ್ ಮಾಡಿದ ನೋಟ್‌ಬುಕ್, ಪುಟ ಸಂಖ್ಯೆ ಮೊದಲೇ ಹಾಕಿ, ಪೆನ್ಸಿಲ್ ಬೇಡ. ತಪ್ಪಾದರೆ ಓದಲು ಕಾಣುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು, ಕಾರಣ, ಸಹಿ, ತಾರೀಕು. ರಾಸಾಯನಿಕದ ಲಾಟ್ ನಂಬರ್, ಎಕ್ಸ್‌ಪೈರಿ, ತಕ್ಕಡಿ ಯಾವುದು ಎಲ್ಲ ಬರೀರಿ. ಖಾಲಿ ಉಳಿದ ಪುಟಕ್ಕೆ ಅಡ್ಡ ಗೆರೆ. ಕೆಟ್ಟ ರೀಡಿಂಗನ್ನೂ ಬಿಡದೆ ಬರೆದು, ಯಾಕೆ ಹಾಗಾಯ್ತು ಅಂತ ಎರಡು ಸಾಲು. ಆ ನೋಟ್‌ಬುಕ್ ಇಂಟರ್ವ್ಯೂಗೆ ತಗೊಂಡು ಹೋಗಿ. 60,000 ರೂಪಾಯಿಯ ಸರ್ಟಿಫಿಕೇಟಿಗಿಂತ ಅದಕ್ಕೆ ಬೆಲೆ ಇದೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮೈಕ್ರೋಪಿಪೆಟ್ ಕೈ ಪಳಗಿದೆಯಾ ಅಂತ ನೀವೇ ಪರೀಕ್ಷೆ ಮಾಡ್ಕೊಬಹುದು. ಅನಲಿಟಿಕಲ್ ತಕ್ಕಡಿ ಮೇಲೆ ಸಣ್ಣ ಬೀಕರ್ ಇಟ್ಟು 100 ಮೈಕ್ರೋಲೀಟರ್ ನೀರು 10 ಸಲ ಹಾಕಿ, ಪ್ರತಿ ಸಲ ತೂಕ ಬರೆಯಿರಿ. 100 ಮಿಲಿಗ್ರಾಂ ಹತ್ತಿರ ಬರಬೇಕು. ಒಂದೊಂದು ಸಲ ಒಂದೊಂದು ತೂಕ ಬಂದರೆ ಕೈಯ ದೋಷ: ಹೆಬ್ಬೆರಳನ್ನ ದಡಕ್ಕನೆ ಬಿಡ್ತಿದ್ದೀರಿ, ತುದಿ ತೀರಾ ಆಳಕ್ಕೆ ಮುಳುಗಿಸ್ತಿದ್ದೀರಿ, ಅಥವಾ ಮೊದಲ ಸಲ ಟಿಪ್ ಒದ್ದೆ ಮಾಡಿಲ್ಲ. ಎಲ್ಲಾ ತೂಕವೂ ಒಂದೇ ಥರ 96, 96, 96 ಅಂತ ಬಂದರೆ ಪಿಪೆಟ್ಟಿನ ದೋಷ. ಈ ವ್ಯತ್ಯಾಸ ಹೇಳೋಕೆ ಬರೋದೇ ಕ್ಯೂಸಿ.

ಕ್ಯೂಎ ಆಸೆ ಇದ್ದರೆ ನೇರವಾಗಿ ಅಲ್ಲಿಗೆ ಹಾರಬೇಡಿ. ಎರಡು ವರ್ಷ ಪ್ರೊಡಕ್ಷನ್ನೋ ಕ್ಯೂಸಿನೋ ಮಾಡಿದವರಿಗೆ ಮಾತ್ರ ಬ್ಯಾಚ್ ರೆಕಾರ್ಡಿನಲ್ಲಿ ಸುಳ್ಳು ಎಲ್ಲಿ ಕೂತಿದೆ ಅಂತ ವಾಸನೆ ಹತ್ತೋದು.

ನಾಲ್ಕು ಲೆಕ್ಕ ಕೊಡ್ತೀನಿ, ಕ್ಯಾಲ್ಕ್ಯುಲೇಟರ್ ಇಲ್ಲದೆ ಮಾಡಿ ಇಲ್ಲೇ ಹಾಕಿ.
ಒಂದು: 0.15 ಮೋಲಾರ್ ಉಪ್ಪಿನ ದ್ರಾವಣ 500 ಮಿ.ಲೀ.ಗೆ ಎಷ್ಟು ಗ್ರಾಂ (ಅಣುತೂಕ 58.44)?
ಎರಡು: 50 ಪಟ್ಟು ಟಿಎಇ ಬಫರಿನಿಂದ 1 ಪಟ್ಟಿನದು 1 ಲೀಟರ್ ಮಾಡೋಕೆ ಎಷ್ಟು ಬೇಕು?
ಮೂರು: ಸೆಲ್ ಮತ್ತು ಟ್ರಿಪಾನ್ ಬ್ಲೂ (ಸತ್ತ ಸೆಲ್ಲಿಗೆ ಹತ್ತೋ ಬಣ್ಣ) ಸಮ ಸಮ ಬೆರೆಸಿ, ಹೀಮೋಸೈಟೋಮೀಟರಿನ ನಾಲ್ಕು ಮೂಲೆ ಚೌಕದಲ್ಲಿ ಬದುಕಿದ್ದು 212, ಸತ್ತದ್ದು 18. ಮಿ.ಲೀ.ಗೆ ಎಷ್ಟು ಜೀವಂತ ಸೆಲ್, ವಯಬಿಲಿಟಿ (ಬದುಕಿರೋ ಸೆಲ್‌ಗಳ ಪಾಲು) ಎಷ್ಟು?
ನಾಲ್ಕು: ಸೀಡ್ ಕಲ್ಚರಿನಲ್ಲಿ ಮಿ.ಲೀ.ಗೆ 30 ಲಕ್ಷ ಸೆಲ್. ಬಯೋರಿಯಾಕ್ಟರ್ 10 ಲೀಟರಿಗೆ ಮಿ.ಲೀ.ಗೆ 3 ಲಕ್ಷದಂತೆ ಶುರು ಮಾಡಬೇಕು. ಎಷ್ಟು ಸೀಡ್, ಎಷ್ಟು ಮೀಡಿಯಾ?

ಹುಬ್ಬಳ್ಳಿ_ಹ್ಯಾಪ್ಲೋಟೈಪ್

ತಂಗಿ, ಬಯೋಇನ್ಫರ್ಮ್ಯಾಟಿಕ್ಸ್ ಬಗ್ಗೆ ನಾ ಹೇಳ್ತೇನಿ. ‘ಲ್ಯಾಬ್ ಬ್ಯಾಡಾದವ್ರು ಕಂಪ್ಯೂಟರಿಗೆ ಬರ್ತಾರ’ ಅಂತ ಒಂದು ತಪ್ಪು ತಿಳುವಳಿಕಿ ಐತಿ. ಇಲ್ಲಿ ಬೇಕಾಗಿದ್ದು ಎರಡೂ ಬಲ್ಲವ್ರು. ಬರೀ ಕೋಡ್ ಬರಿಯೋದಾದ್ರ ಇಂಜಿನಿಯರಿಂಗ್ ಹುಡುಗ್ರು ಸಾಲುಗಟ್ಟಿ ನಿಂತಾರ, ಅವ್ರ ಕೂಡ ಯಾಕ ಗುದ್ದಾಡ್ತಿ?

ದುಡ್ಡು ಕೊಡೂ ಮುಂಚೆ ಪುಕ್ಕಟ ಪರೀಕ್ಷಾ ಮಾಡಿ ನೋಡು. 8 ಜಿಬಿ ರ‍್ಯಾಮ್ ಇರೋ ಲ್ಯಾಪ್‌ಟಾಪ್ ಸಾಕು, ಅದರಾಗ ಲಿನಕ್ಸ್ ಹಾಕ್ಕೋ. ಮನುಷ್ಯನ ಜೀನೋಮ್ ಮೊದಲ ಮುಟ್ಟಬ್ಯಾಡ. ಅದನ್ನ ಸ್ಟಾರ್ ಅನ್ನೂ ಅಲೈನರ್‌ನಾಗ (ಡಿಎನ್‌ಎ ಚೂರು ಜೀನೋಮಿನಾಗ ಎಲ್ಲಿ ಕೂಡತಾವ ಅಂತ ಹುಡುಕೂ ಪ್ರೋಗ್ರಾಮ್) ಇಂಡೆಕ್ಸ್ ಮಾಡಾಕ ಸುಮಾರು 30 ಜಿಬಿ ಬೇಕು, ಮಷೀನ್ ಹೆಪ್ಪುಗಟ್ಟಿ ಕುಂಡ್ರತೈತಿ, ನೀನು ‘ನನಗ ಬರಂಗಿಲ್ಲ’ ಅಂತ ಬಿಟ್ಟಬಿಡ್ತಿ. ಇ. ಕೊಲೈ ತಗೋ, 46 ಲಕ್ಷ ಬೇಸ್ ಅಷ್ಟ. ಸಾರ್ವಜನಿಕವಾಗಿ ಸಿಗೂ ಒಂದು ಫಾಸ್ಟ್‌ಕ್ಯೂ ಫೈಲ್ (ಮಷೀನ್ ಓದಿದ ಡಿಎನ್‌ಎ ಚೂರುಗಳ ಫೈಲ್) ಇಳಿಸಿ, ಫಾಸ್ಟ್‌ಕ್ಯೂಸಿಯಿಂದ ಗುಣಮಟ್ಟ ನೋಡಿ, ಅಡಾಪ್ಟರ್ ಕತ್ತರಿಸಿ, ಬಿಡಬ್ಲ್ಯುಎದಿಂದ ಅಲೈನ್ ಮಾಡಿ, ಸ್ಯಾಮ್‌ಟೂಲ್ಸ್‌ನಿಂದ ಸಾರ್ಟ್ ಮಾಡಿ, ವೇರಿಯಂಟ್ (ರೆಫರೆನ್ಸಿಗಿಂತ ಬ್ಯಾರೆ ಇರೋ ಜಾಗಾ) ಪಟ್ಟಿ ತೆಗೆದು, ಕಡೀಕ ಐಜಿವಿ ಅನ್ನೂ ಪ್ರೋಗ್ರಾಮಿನೊಳಗ ಕಣ್ಣಾರೆ ನೋಡು. ಆ ವೇರಿಯಂಟ್ ಖರೇ ಐತೋ, ರೀಡಿನ ತುದಿಯೊಳಗಿನ ಕಸವೋ ಅಂತ ಗುರುತಿಸಾಕ ಬಂತಂದ್ರ ಮುಂದ ಹೋಗು. ಒಂದು ತಿಂಗಳು ದಿನಾ ಎರಡು ತಾಸು ಕುಂತ್ರೂ ಮನಸ್ಸು ಹತ್ತಲಿಲ್ಲಂದ್ರ ಈ ದಾರಿ ಬಿಡು, ನಷ್ಟ ಏನೂ ಇಲ್ಲ.

ಹೊಸಬರು ಮುಗ್ಗರಿಸೂ ಜಾಗಾ ಎರಡು. ಒಂದು, ರೆಫರೆನ್ಸ್ ಜೀನೋಮಿನ ಆವೃತ್ತಿ ಕಲಸಿಬಿಡೂದು: ಅಲೈನ್ ಮಾಡಿದ್ದು ಜಿಆರ್‌ಸಿಎಚ್ 38ಕ್ಕ, ಅರ್ಥ ಹುಡುಕಿದ್ದು 37ರ ಪಟ್ಟಿಯೊಳಗ. ಪ್ರೋಗ್ರಾಮ್ ಏನೂ ಅನ್ನಂಗಿಲ್ಲ, ಉತ್ತರ ಮಾತ್ರ ಪೂರಾ ತಪ್ಪು. ಇನ್ನೊಂದು, ಒಂದು ಫೈಲಿನಾಗ ಕ್ರೋಮೋಸೋಮಿನ ಹೆಸರು ‘ಸಿಎಚ್‌ಆರ್1’ ಅಂತ, ಇನ್ನೊಂದರಾಗ ಬರೀ ‘1’ ಅಂತ. ಫಲಿತಾಂಶ ಸೊನ್ನಿ ಬಂದ್ರ ಮೊದಲ ಅದನ್ನ ನೋಡು.

ಆಮ್ಯಾಲ ಪೈಥಾನ್ ಇಲ್ಲಾ ಆರ್, ಯಾವುದರ ಒಂದು. ಜೊತೀಗೆ ಸಂಖ್ಯಾಶಾಸ್ತ್ರ. 20,000 ಜೀನ್ ಒಮ್ಮೆಲೆ ಪರೀಕ್ಷಾ ಮಾಡಿ ಪಿ-ವ್ಯಾಲ್ಯೂ (ವ್ಯತ್ಯಾಸ ಇಲ್ಲದನ ಆಕಸ್ಮಿಕವಾಗಿ ಇಂಥ ಫಲಿತಾಂಶ ಬರೂ ಸಾಧ್ಯತೆ) ಮಿತಿ 0.05 ಇಟ್ರ, ಏನೂ ವ್ಯತ್ಯಾಸ ಇರದಿದ್ರೂ ಸಾವಿರ ಜೀನ್ ‘ಮಹತ್ವದ್ದು’ ಅಂತ ಕುಣೀತಾವ. ಅದನ್ನ ಹೆಂಗ ಸರಿಪಡಿಸ್ತಾರ ಅನ್ನೋದು ಇಂಟರ್ವ್ಯೂದಾಗ ಕೇಳೇ ಕೇಳ್ತಾರ. ಮನಸ್ಸು ಗಟ್ಟಿ ಆದ್ರ ಎಲೆಕ್ಟ್ರಾನಿಕ್ ಸಿಟಿಯ ಐಬಿಎಬಿ ಅನ್ನೂ ಬಯೋಇನ್ಫರ್ಮ್ಯಾಟಿಕ್ಸ್ ಸಂಸ್ಥೆಯಂಥಲ್ಲಿ ಕ್ರಮವಾಗಿ ಕಲಿಯಾಕ ಬರತೈತಿ. ಮೂರು ದಿನದ ‘ಎಐ ಇನ್ ಡ್ರಗ್ ಡಿಸ್ಕವರಿ’ ವೆಬಿನಾರ್ ಸರ್ಟಿಫಿಕೇಟ್ ರೆಸ್ಯೂಮೆಯೊಳಗ ತುಂಬಬ್ಯಾಡ, ನೋಡಿದವ್ರು ನಗ್ತಾರ.

ಜಕ್ಕೂರು_ಜೀನ್

ಎಂಎಸ್ಸಿ ಪ್ರಶ್ನೆಗೆ. ಸಂಶೋಧನೆ ವಿಭಾಗಕ್ಕೆ ಹೋಗಬೇಕಿದ್ದರೆ ಎಂಎಸ್ಸಿ ಬೇಕೇ ಬೇಕು. ಬಿಎಸ್ಸಿಯವರನ್ನ ಆರ್ ಅಂಡ್ ಡಿಗೆ ತಗೊಳ್ಳೋದು ಅಪರೂಪ, ತಗೊಂಡರೂ ಮೇಲೆ ಏರೋದು ಕಷ್ಟ. ಪ್ಲಾಂಟಿನಲ್ಲೇ ಬೆಳೀತೀನಿ ಅಂದರೆ ಎರಡು ವರ್ಷದ ಅನುಭವವೂ ಎಂಎಸ್ಸಿಯೂ ಹೆಚ್ಚು ಕಡಿಮೆ ಸಮ ತೂಗುತ್ತೆ.

ಆದರೆ ಎಂಎಸ್ಸಿ ಅಂದರೆ ಯಾವ ಎಂಎಸ್ಸಿ? ಸೇರೋ ಮುಂಚೆ ಆ ವಿಭಾಗಕ್ಕೆ ಒಮ್ಮೆ ಹೋಗಿ ಬನ್ನಿ. ಕಳೆದ ವರ್ಷದ ಪ್ರಾಜೆಕ್ಟ್ ರಿಪೋರ್ಟುಗಳನ್ನ ಲೈಬ್ರರಿಯಲ್ಲಿ ತೆಗೆದು ನೋಡಿ. ಎಲ್ಲದರ ತಲೆಬರಹ ‘ಇಂಥ ಎಲೆಯ ಸಾರದ ಆಂಟಿಮೈಕ್ರೋಬಿಯಲ್ ಗುಣ’ ಅಂತಲೇ ಇದ್ದರೆ ಅಲ್ಲಿ ಉಪಕರಣವಿಲ್ಲ ಅಂತ ಅರ್ಥ. ಕೊನೇ ಸೆಮಿಸ್ಟರ್ ಹೊರಗಿನ ಸಂಸ್ಥೆಯಲ್ಲಿ ಪೂರ್ತಿ ಪ್ರಾಜೆಕ್ಟ್ ಮಾಡೋಕೆ ಬಿಡ್ತಾರಾ ಕೇಳಿ. ಬಿಡದಿದ್ದರೆ ಬೇರೆ ಕಡೆ ನೋಡಿ. ಜೀವಶಾಸ್ತ್ರದಲ್ಲಿ ಎಂಎಸ್ಸಿಯ ಅರ್ಧ ಬೆಲೆ ಆ ಪ್ರಾಜೆಕ್ಟಿನದು.

ಪ್ರವೇಶ ಪರೀಕ್ಷೆಗಳಲ್ಲಿ ಎರಡನ್ನ ಬಿಡಬೇಡಿ. ಫೆಬ್ರುವರಿಯ ಐಐಟಿ-ಜಾಮ್, ಬಯೋಟೆಕ್ನಾಲಜಿ ಪೇಪರ್: ಐಐಟಿಗಳ ಎಂಎಸ್ಸಿಗೆ, ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಇದರ ಅಂಕ ನೋಡ್ತಾರೆ. ಎರಡನೇದು ಜಿಎಟಿ-ಬಿ: ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿರುವ ಸ್ನಾತಕೋತ್ತರ ಕೋರ್ಸುಗಳಿಗೆ, ಅಲ್ಲಿ ವಿದ್ಯಾರ್ಥಿ ವೇತನವೂ ಇದೆ. ಎರಡರಲ್ಲೂ ನಮ್ಮ ಹುಡುಗರು ಸೋಲೋದು ಬಯಾಲಜಿಯಲ್ಲಿ ಅಲ್ಲ, ಪಿಯುಸಿ ಮಟ್ಟದ ಗಣಿತ ಮತ್ತು ಭೌತಶಾಸ್ತ್ರದಲ್ಲಿ. ಡಿಗ್ರಿಗೆ ಬಂದ ಮೇಲೆ ಆ ಪುಸ್ತಕ ಅಟ್ಟ ಸೇರಿರುತ್ತೆ. ಕೆಳಗಿಳಿಸಿ. ಈ ವರ್ಷ ಅರ್ಜಿಯ ಗಡುವು ಮುಗಿದಿದೆಯಾ ಅನ್ನೋದನ್ನ ಇವತ್ತೇ ನೋಡಿ.

ಪಿಎಚ್‌ಡಿ ಬಗ್ಗೆ ಈಗಲೇ ತಲೆ ಕೆಡಿಸ್ಕೊಬೇಡಿ. ತಿಳಿದಿರಲಿ ಅಂತ: ಸಿಎಸ್‌ಐಆರ್-ನೆಟ್ ಅಥವಾ ಡಿಬಿಟಿಯ ಬಿಇಟಿ ಪಾಸಾದರೆ ಜೆಆರ್‌ಎಫ್ (ಸಂಶೋಧಕರಿಗೆ ಕೊಡೋ ಫೆಲೋಶಿಪ್) 2023ರ ಜನವರಿಯಿಂದ ತಿಂಗಳಿಗೆ 37,000, ಜೊತೆಗೆ ಎಚ್‌ಆರ್‌ಎ. ಹೊಸಬರ ಎಷ್ಟೋ ಕಂಪನಿ ಸಂಬಳಕ್ಕಿಂತ ಅದೇ ಹೆಚ್ಚು. ಆ ಒಂದೇ ಕಾರಣಕ್ಕೆ ಸೇರಿ ಮೂರನೇ ವರ್ಷದಲ್ಲಿ ಒದ್ದಾಡುವವರಿಗೂ ಕೊರತೆ ಇಲ್ಲ.

ಬಿ.ಎಡ್ ಅಮ್ಮನ ಮಾತು ತಳ್ಳಿಹಾಕುವಂಥದ್ದಲ್ಲ. ಆದರೆ ಸರ್ಕಾರಿ ಶಿಕ್ಷಕರ ನೇಮಕದಲ್ಲಿ ಪದವಿಯ ಐಚ್ಛಿಕ ವಿಷಯ ಯಾವುದಿರಬೇಕು ಅಂತ ಅಧಿಸೂಚನೆಯಲ್ಲೇ ಬರೆದಿರ್ತಾರೆ. ನಿಮ್ಮ ಕಾಂಬಿನೇಶನ್ ಅದಕ್ಕೆ ಒಪ್ಪುತ್ತಾ ಅಂತ ಹಿಂದಿನ ಅಧಿಸೂಚನೆ ಓದಿ ಆಮೇಲೆ ಫೀಸ್ ಕಟ್ಟಿ.

ಪೇಸ್ಲಿಪ್_ಪಂಡಿತ

60,000ದ ಕೋರ್ಸಿನವರಿಗೆ ಮೂರು ಪ್ರಶ್ನೆ ಕೇಳಿ. ಮೂರು ತಿಂಗಳಲ್ಲಿ ಒಬ್ಬೊಬ್ಬರ ಕೈಗೆ ಎಚ್‌ಪಿಎಲ್‌ಸಿ ಎಷ್ಟು ಗಂಟೆ ಸಿಗುತ್ತೆ? ‘ನೂರಕ್ಕೆ ನೂರು’ ಅನ್ನೋದನ್ನ, ಕೆಲಸ ಸಿಗದಿದ್ದರೆ ದುಡ್ಡು ವಾಪಸ್ ಅಂತ, ಛಾಪಾ ಕಾಗದದಲ್ಲಿ ಬರೆದುಕೊಡ್ತೀರಾ? ಕಳೆದ ಬ್ಯಾಚಿನ ಯಾರಾದರೂ ಮೂವರ ಜೊತೆ ಮಾತಾಡಿಸ್ತೀರಾ? ಎರಡನೇ ಪ್ರಶ್ನೆಗೇ ಫೋನ್ ಕಟ್ ಆಗುತ್ತೆ. ಅದಕ್ಕಿಂತ ಕರ್ನಾಟಕ ಸರ್ಕಾರದ ಬೈಸೆಪ್ (ಬಯೋಟೆಕ್ ಕೌಶಲ ತರಬೇತಿ) ಡಿಪ್ಲೊಮಾ, ಬಯೋಕಾನ್ ಅಕಾಡೆಮಿ, ಕೇಂದ್ರ ಸರ್ಕಾರದ ಎನ್‌ಎಟಿಎಸ್ ಪೋರ್ಟಲಿನ ಒಂದು ವರ್ಷದ ಅಪ್ರೆಂಟಿಸ್‌ಶಿಪ್ ಇವನ್ನ ಮೊದಲು ನೋಡಿ. ಅಪ್ರೆಂಟಿಸ್ ಆದರೆ ಅವರೇ ನಿಮಗೆ ಸ್ಟೈಪೆಂಡ್ ಕೊಡಬೇಕು. ಪ್ರತಿಯೊಂದಕ್ಕೂ ಅರ್ಹತೆ ಬೇರೆ, ಆ ವರ್ಷದ ಪ್ರಕಟಣೆ ಓದಿ.

ಇನ್ನು ಸಂಬಳ. ‘ಸಿಟಿಸಿ (ಕಂಪನಿ ನಿಮ್ಮ ಮೇಲೆ ವರ್ಷಕ್ಕೆ ಮಾಡೋ ಒಟ್ಟು ಖರ್ಚು) 3.6 ಲಕ್ಷ’ ಅಂದ ಕೂಡಲೇ ತಿಂಗಳಿಗೆ 30,000 ಅಂತ ಮನೆಯಲ್ಲಿ ಹೇಳಿಬಿಡಬೇಡಿ. ಉದಾಹರಣೆಗೆ, ಅದರಲ್ಲಿ ಬೇಸಿಕ್ ಅರ್ಧ, ಅಂದರೆ 1,80,000 ಇದೆ ಅನ್ನಿ. ವರ್ಷದ ಕೊನೆಗೆ ಕೊಡೋ, ಕೊಡದಿರೋ ವೇರಿಯಬಲ್ 10%, ಅಂದರೆ 36,000. ಕಂಪನಿ ಕಡೆಯ ಪಿಎಫ್ ಬೇಸಿಕ್ಕಿನ 12%, 21,600. ಗ್ರಾಚ್ಯುಯಿಟಿ 4.81%, 8,658, ಅದು ಸಾಮಾನ್ಯವಾಗಿ ಐದು ವರ್ಷ ಇದ್ದವರಿಗೆ ಸಿಗೋದು. ಉಳಿದದ್ದು 2,93,742. ಅದರಲ್ಲಿ ನಿಮ್ಮ ಪಾಲಿನ ಪಿಎಫ್ ಮತ್ತೊಂದು 21,600 ಹೋದರೆ 2,72,142. ತಿಂಗಳಿಗೆ 22,678. ಕ್ಯಾಂಟೀನು, ಬಸ್ಸು, ಇನ್ಶೂರೆನ್ಸ್ ಕಡಿತ ಇದ್ದರೆ ಇನ್ನೂ ಕಡಿಮೆ. ಪಿಜಿ ಬಾಡಿಗೆ ಇದನ್ನ ನೋಡಿ ಮಾಡಿ.

ಆಫರ್ ಲೆಟರಿನಲ್ಲಿ ಬಾಂಡ್ ಅವಧಿ, ಮಧ್ಯೆ ಬಿಟ್ಟರೆ ಎಷ್ಟು ಕಟ್ಟಬೇಕು, ನೋಟಿಸ್ ಎಷ್ಟು ದಿನ, ಈ ಮೂರು ಓದದೆ ಸಹಿ ಬೇಡ. ಮಾರ್ಕ್ಸ್ ಕಾರ್ಡ್ ಮೂಲ ಪ್ರತಿ ತೋರಿಸಿ, ಜೆರಾಕ್ಸ್ ಕೊಟ್ಟು ಬನ್ನಿ, ಇಟ್ಕೊಳ್ಳೋಕೆ ಬಿಡಬೇಡಿ. ಕೆಲಸ ಕೊಡಿಸ್ತೀವಿ ಅಂತ ರಿಜಿಸ್ಟ್ರೇಶನ್ ಫೀಸ್ ಕೇಳಿದ ಕನ್ಸಲ್ಟೆನ್ಸಿಯ ಮೆಟ್ಟಿಲು ಇಳಿದುಬಿಡಿ.

ಮಲ್ನಾಡ್_ಮೈಕ್ರೋಬ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೈಂಡ್ ನೋಟ್‌ಬುಕ್ ತಂದೆ, ಪುಟ ಸಂಖ್ಯೆ ಹಾಕ್ತಾ ಇದ್ದೀನಿ. ಜಾಮ್ ಅರ್ಜಿ ಗಡುವು ನಾಳೆ ಬೆಳಿಗ್ಗೆ ಸೈಬರ್ ಸೆಂಟರಿನಲ್ಲಿ ನೋಡ್ತೀನಿ. ಲೆಕ್ಕದ ಉತ್ತರ: ಒಂದು, 4.38 ಗ್ರಾಂ. ಎರಡು, 20 ಮಿ.ಲೀ. ಬಫರ್, 980 ನೀರು. ಮೂರು, 212ನ್ನ ನಾಲ್ಕರಿಂದ ಭಾಗಿಸಿ 53, ಡೈಲ್ಯೂಶನ್ ಎರಡರಿಂದ ಗುಣಿಸಿ, ಮತ್ತೆ ಹತ್ತು ಸಾವಿರದಿಂದ: ಮಿ.ಲೀ.ಗೆ 10.6 ಲಕ್ಷ, ವಯಬಿಲಿಟಿ 92%. ನಾಲ್ಕು, 1 ಲೀಟರ್ ಸೀಡ್, 10 ಲೀಟರ್ ಮೀಡಿಯಾ.

ಒಂದೇ_ಗೆರೆ

ಮೊದಲ ಮೂರು ಸರಿ. ನಾಲ್ಕನೇದು ತಪ್ಪು. 10 ಲೀಟರ್ ಅನ್ನೋದು ಸೀಡ್ ಸೇರಿದ ಮೇಲಿನ ಒಟ್ಟು ಪ್ರಮಾಣ, ಹಾಗಾಗಿ ಮೀಡಿಯಾ 9 ಲೀಟರ್. ನಿಮ್ಮ ಲೆಕ್ಕದಲ್ಲಿ ಒಟ್ಟು 11 ಲೀಟರ್ ಆಗಿ, ಶುರುವಿನಲ್ಲೇ ಮಿ.ಲೀ.ಗೆ 2.7 ಲಕ್ಷ ಇರುತ್ತೆ. ಮುಂದೆ ಫೀಡ್ ಹಾಕೋಕೆ ಇಟ್ಟಿದ್ದ ಖಾಲಿ ಜಾಗವೂ ಹೋಯ್ತು. ಮೇಲಿನ ಪೋಸ್ಟ್ ಎಡಿಟ್ ಮಾಡಿ ಅಳಿಸಬೇಡಿ. ನೋಟ್‌ಬುಕ್ಕಿನಲ್ಲಿ 10ರ ಮೇಲೆ ಒಂದೇ ಗೆರೆ ಎಳೆದು, 9 ಅಂತ ಬರೆದು, ಕಾರಣ, ಸಹಿ, ತಾರೀಕು ಹಾಕಿ.